ಹಾಲಿನಂಗಡಿಯ ಯುಪಿಐ ಲೆಕ್ಕ: ಸರ್ಕಾರದ ಕೈ ಎಲ್ಲಿಯವರೆಗೆ ಚಾಚಬಹುದು?

ಲೆಕ್ಕ ಬರೆಯುವವ, ಬೆಂಗಳೂರು (ಚರ್ಚೆ ಆರಂಭಿಸಿದವರು)

2025ರ ಜುಲೈ ತಿಂಗಳಲ್ಲಿ ನಮ್ಮ ಬಡಾವಣೆಯ ಕಾಂಡಿಮೆಂಟ್ಸ್ ಅಂಗಡಿಯಲ್ಲಿ ಕಂಡ ಒಂದು ಕಾಗದದಿಂದ ಈ ಚರ್ಚೆಯನ್ನು ಆರಂಭಿಸುತ್ತೇನೆ. ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಹರಿದು, ಅದರ ಹಿಂಬದಿಯಲ್ಲಿ ನೀಲಿ ಸ್ಕೆಚ್ ಪೆನ್ನಿನಿಂದ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಎಂದು ಬರೆದು, ಕ್ಯೂಆರ್ ಕೋಡಿನ ಮೇಲೆಯೇ ಗೋಂದು ಹಚ್ಚಿ ಅಂಟಿಸಿದ್ದರು. ಹಣ ಬಂದಾಗಲೆಲ್ಲ ಮೊತ್ತವನ್ನು ಕನ್ನಡದಲ್ಲಿ ಕೂಗಿ ಹೇಳುತ್ತಿದ್ದ ಪುಟ್ಟ ಸ್ಪೀಕರು ಬಿಸ್ಕತ್ತಿನ ಭರಣಿಗಳ ಹಿಂದೆ ಬೋರಲು ಬಿದ್ದಿತ್ತು. ಹತ್ತು ರೂಪಾಯಿ ಚಿಲ್ಲರೆಗಾಗಿ ನಾವಿಬ್ಬರೂ ಬಹಳ ದಿನಗಳ ನಂತರ ಡ್ರಾಯರು ತಡಕಾಡಿದೆವು.

ಆ ತಿಂಗಳು ನಡೆದದ್ದು ಹೆಚ್ಚಿನವರಿಗೆ ನೆನಪಿರುತ್ತದೆ. ರಾಜ್ಯದ ವಾಣಿಜ್ಯ ತೆರಿಗೆಗಳ ಇಲಾಖೆಯು 2021-22ರಿಂದ 2024-25ರವರೆಗಿನ ಯುಪಿಐ ವಹಿವಾಟಿನ ವಿವರಗಳನ್ನು ಪಡೆದು, ವರ್ಷಕ್ಕೆ 40 ಲಕ್ಷ ರೂಪಾಯಿಗಿಂತ, ಸೇವೆಯಾದರೆ 20 ಲಕ್ಷಕ್ಕಿಂತ, ಹೆಚ್ಚು ಹಣ ಸ್ವೀಕರಿಸಿಯೂ ಜಿಎಸ್‌ಟಿ ನೋಂದಣಿ ಮಾಡಿಸದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷಗಳ 1.63 ಕೋಟಿ ರೂಪಾಯಿ ವಹಿವಾಟಿನ ಮೇಲೆ ಸುಮಾರು 29 ಲಕ್ಷ ರೂಪಾಯಿ ಕೇಳಿದ ಸುದ್ದಿ ದೇಶವೆಲ್ಲ ಹರಡಿತು. ತಾಜಾ ತರಕಾರಿಗಾದರೋ ಜಿಎಸ್‌ಟಿಯೇ ಇಲ್ಲ. ವ್ಯಾಪಾರಿಗಳು ಕಪ್ಪು ಪಟ್ಟಿ ಧರಿಸಿದರು, ಹಾಲು ಮಾರುವುದನ್ನು ನಿಲ್ಲಿಸಿದರು, ಜುಲೈ 25ರಂದು ಬಂದ್‌ಗೆ ಕರೆ ಕೊಟ್ಟರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸಭೆ ಕರೆದು, ನೋಂದಣಿ ಮಾಡಿಸಿಕೊಳ್ಳುವವರಿಂದ ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದು ಭರವಸೆ ಕೊಟ್ಟ ಮೇಲೆ ವಿಷಯ ತಣ್ಣಗಾಯಿತು.

ತಣ್ಣಗಾದದ್ದು ಬೀದಿಯ ಗಲಾಟೆ ಮಾತ್ರ, ಪ್ರಶ್ನೆ ಹಾಗೆಯೇ ಉಳಿದಿದೆ. ನಾನು ಇಪ್ಪತ್ತು ವರ್ಷಗಳಿಂದ ಸಣ್ಣ ಅಂಗಡಿಗಳ ಲೆಕ್ಕ ಬರೆಯುತ್ತಿರುವವನು. ವರ್ಷಕ್ಕೆ 40 ಲಕ್ಷವೆಂದರೆ ದಿನಕ್ಕೆ ಸುಮಾರು 11,000 ರೂಪಾಯಿ. ಬೆಳಗಿನ ಹಾಲು, ಮೊಸರು, ಸಿಗರೇಟು, ಬ್ರೆಡ್ಡು, ಬಾಳೆಹಣ್ಣು ಮಾರುವ ಮೂಲೆಯಂಗಡಿಗೆ ಅದು ದೊಡ್ಡ ಮೊತ್ತವೇ ಅಲ್ಲ. ಹಾಲಿನ ಪ್ಯಾಕೆಟ್ಟಿಗೆ ಸಿಗುವುದು ಚಿಲ್ಲರೆ ಕಮಿಷನ್. ಹಾಲಿಗೆ ತೆರಿಗೆಯಿಲ್ಲ, ಪ್ಯಾಕೆಟ್ ಮೊಸರಿಗೆ ಶೇ. 5 ಇದೆ, ಸಿಗರೇಟಿನ ಪೊಟ್ಟಣದ ಮೇಲೆ ಅಚ್ಚಾದ ಬೆಲೆಯೊಳಗೇ ತೆರಿಗೆ ಸೇರಿಕೊಂಡಿರುತ್ತದೆ. ಆದರೂ ತೆರಿಗೆ ಇರುವ ಸರಕನ್ನೂ ಮಾರುವವನಿಗೆ ಹಾಲಿನ ಮಾರಾಟವೂ ಒಟ್ಟು ವಹಿವಾಟಿನಲ್ಲಿ ಎಣಿಕೆಯಾಗಿ 40 ಲಕ್ಷದ ಗೆರೆ ದಾಟಿಸುತ್ತದೆ. ಈ ಸೂಕ್ಷ್ಮವು ಅಂಗಡಿಯಾತನಿಗೆ ತಿಳಿದಿರಲೇ ಇಲ್ಲ. ಇದರ ಮೇಲೆ, ಅದೇ ಫೋನ್ ನಂಬರಿಗೆ ಬಂದ ಚೀಟಿ ಹಣ, ಭಾವಮೈದ ತೀರಿಸಿದ ಕೈಸಾಲ, ಊರಿನ ಜಾತ್ರೆಗೆ ಎತ್ತಿದ ವಂತಿಗೆ ಎಲ್ಲವೂ ಬ್ಯಾಂಕಿನ ಕಣ್ಣಿಗೆ "ಜಮೆ"ಯೇ. ನೋಟಿಸಿಗೆ ಉತ್ತರ ಬರೆಯಲು ಕುಳಿತಾಗ ನಾಲ್ಕು ವರ್ಷಗಳ ಹಿಂದಿನ ಒಂದೊಂದು ಜಮೆಯೂ ಯಾವುದರದ್ದೆಂದು ನೆನಪಿಸಿಕೊಳ್ಳುವ ಹೊರೆ ಪೂರ್ತಿಯಾಗಿ ಅಂಗಡಿಯಾತನ ಮೇಲೆ ಬಿತ್ತು.

ನನ್ನದು ಲಿಬರ್ಟೇರಿಯನ್ ಎಂದು ಕರೆಯಲಾಗುವ ನಿಲುವು; ಕನ್ನಡದಲ್ಲಿ ವ್ಯಕ್ತಿಸ್ವಾತಂತ್ರ್ಯವಾದ ಎನ್ನಬಹುದು. ಸರ್ಕಾರವೇ ಬೇಡವೆನ್ನುವ ವಾದ ಅದಲ್ಲ. ಒಂದು ಉದ್ದೇಶಕ್ಕಾಗಿ ಜನರು ಒಪ್ಪಿಕೊಟ್ಟ ಅಧಿಕಾರವಾಗಲಿ ಮಾಹಿತಿಯಾಗಲಿ, ಅವರನ್ನು ಕೇಳದೆ ಇನ್ನೊಂದು ಉದ್ದೇಶಕ್ಕೆ ಹೊರಳಬಾರದು ಎಂಬುದೇ ನನ್ನ ಆಗ್ರಹ. 2016ರ ನವೆಂಬರ್ 8ರಂದು 500 ಮತ್ತು 1,000 ರೂಪಾಯಿ ನೋಟುಗಳನ್ನು ರದ್ದುಪಡಿಸಿದ ಮೇಲೆ ಅಂಗಡಿಯಾತನಿಗೆ ಯುಪಿಐ ಬಳಸಿರೆಂದು ಹೇಳಿದ್ದು ಅನುಕೂಲದ ಹೆಸರಿನಲ್ಲಿ. ಶುಲ್ಕವಿಲ್ಲ, ಕಳ್ಳನೋಟಿನ ಭಯವಿಲ್ಲ, ಚಿಲ್ಲರೆಯ ತಾಪತ್ರಯವಿಲ್ಲ ಎಂದರು, ಅವನು ನಂಬಿದ. ಇದೇ ದಾಖಲೆ ಮುಂದೊಂದು ದಿನ ನಿನ್ನ ವಿರುದ್ಧದ ಲೆಕ್ಕವಾಗುತ್ತದೆಂದು ಆಗ ಯಾರೂ ಹೇಳಲಿಲ್ಲ.

ಈ ಚಿಂತನೆ ನಮ್ಮ ನೆಲಕ್ಕೆ ಹೊಸದಲ್ಲ. ಆಗಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ 1905ರಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ ಬಿ. ಆರ್. ಶೆಣೈಯವರು, ಎರಡನೆಯ ಪಂಚವಾರ್ಷಿಕ ಯೋಜನೆಗಾಗಿ ನೇಮಿಸಿದ್ದ ಅರ್ಥಶಾಸ್ತ್ರಜ್ಞರ ಮಂಡಳಿಯಲ್ಲಿ 1955ರಲ್ಲಿ ಒಬ್ಬರೇ ನಿಂತು ಭಿನ್ನಮತದ ಟಿಪ್ಪಣಿ ಬರೆದರು. ಕೊರತೆ ಹಣಕಾಸಿನಿಂದ, ಅಂದರೆ ಸರ್ಕಾರ ಆದಾಯ ಮೀರಿ ಖರ್ಚು ಮಾಡುವುದರಿಂದ, ಬೆಲೆಯೇರಿಕೆಯಾಗುತ್ತದೆ, ನಿಯಂತ್ರಣಗಳನ್ನು ಹೇರುತ್ತ ಹೋದರೆ ಪ್ರಜಾಸತ್ತೆಯ ಬೇರಿಗೇ ಪೆಟ್ಟು ಬೀಳುತ್ತದೆ ಎಂದು ಎಚ್ಚರಿಸಿದರು. ರಾಜಾಜಿಯವರು 1959ರಲ್ಲಿ ಸ್ವತಂತ್ರ ಪಕ್ಷವನ್ನು ಕಟ್ಟಿ ಪರ್ಮಿಟ್-ಲೈಸೆನ್ಸ್-ಕೋಟಾ ರಾಜ್ಯವನ್ನು ವಿರೋಧಿಸಿದರು. 1967ರಲ್ಲಿ ಆ ಪಕ್ಷಕ್ಕೆ ಲೋಕಸಭೆಯಲ್ಲಿ 44 ಸ್ಥಾನಗಳು ಬಂದವು. ಅಂದು ಕಾರ್ಖಾನೆ ಎಷ್ಟು ಉತ್ಪಾದಿಸಬೇಕೆಂದು ಕಚೇರಿಯ ಗುಮಾಸ್ತ ನಿರ್ಧರಿಸುತ್ತಿದ್ದ. ಇಂದು ಕಚೇರಿಗೆ ಹೋಗುವ ಅಗತ್ಯವೇ ಇಲ್ಲ, ನಮ್ಮ ಕಿಸೆಯ ಫೋನೇ ಪ್ರತಿ ಸಂಜೆ ವರದಿ ಒಪ್ಪಿಸುತ್ತಿರುತ್ತದೆ.

ಸದಸ್ಯರ ಅಭಿಪ್ರಾಯ, ವಿಶೇಷವಾಗಿ ವಿರೋಧದ ಅಭಿಪ್ರಾಯ, ತಿಳಿಯಬಯಸುತ್ತೇನೆ.

---

ನಿವೃತ್ತ ತೆರಿಗೆ ಅಧಿಕಾರಿ, ದಾವಣಗೆರೆ

ಮಾನ್ಯರೇ, ನಿಮ್ಮ ಬರಹದಲ್ಲಿರುವ ಕಳಕಳಿಯನ್ನು ಗೌರವಿಸುತ್ತೇನೆ, ವಾದವನ್ನು ಒಪ್ಪುವುದಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ತೆರಿಗೆಯ ಕೆಲಸ ಮಾಡಿದವನಾಗಿ ಕೆಲವು ಮಾತು ಹೇಳಬೇಕಾಗಿದೆ.

ಕೇಂದ್ರ ಜಿಎಸ್‌ಟಿ ಕಾಯ್ದೆಯ 151ನೆಯ ಕಲಮು ಯಾರಿಂದಲಾದರೂ ಮಾಹಿತಿ ಕೇಳುವ ಅಧಿಕಾರವನ್ನು ಆಯುಕ್ತರಿಗೆ ಕೊಟ್ಟಿದೆ. ಇದು ಸಂಸತ್ತು ಮಾಡಿದ ಕಾನೂನು, ಕದ್ದು ನೋಡಿದ್ದೇನಲ್ಲ. ನೋಟಿಸು ಎಂದರೆ ವಿವರಣೆ ಕೇಳುವುದು, ಶಿಕ್ಷೆ ಕೊಡುವುದಲ್ಲ. ತರಕಾರಿ ಮಾರುವವರು ತರಕಾರಿಯೆಂದು ತೋರಿಸಿದರೆ ಅಲ್ಲಿಗೆ ಮುಗಿಯುತ್ತದೆ.

ನೀವು ಮರೆತ ಒಬ್ಬ ವ್ಯಕ್ತಿಯಿದ್ದಾನೆ: ಅದೇ ರಸ್ತೆಯಲ್ಲಿ ನಾಲ್ಕು ಅಂಗಡಿ ಆಚೆ ನೋಂದಣಿ ಮಾಡಿಸಿಕೊಂಡು, ತಿಂಗಳು ತಿಂಗಳು ರಿಟರ್ನ್ ತುಂಬಿ, ಲೆಕ್ಕಿಗರಿಗೆ ಸಂಬಳ ಕೊಟ್ಟು, ಅದೇ ಬಿಸ್ಕತ್ತನ್ನು ಮಾರುವ ವ್ಯಾಪಾರಿ. ನೋಂದಣಿ ಇಲ್ಲದವನು ಎರಡು ರೂಪಾಯಿ ಕಡಿಮೆಗೆ ಮಾರಿದಾಗ ಗಿರಾಕಿ ಕಳೆದುಕೊಂಡವನು ಇವನು. ಇವನ ಸ್ವಾತಂತ್ರ್ಯದ ಬಗ್ಗೆ ನಿಮ್ಮ ಸಿದ್ಧಾಂತ ಏನು ಹೇಳುತ್ತದೆ? ನಿಯಮ ಎಲ್ಲರಿಗೂ ಒಂದೇ ಆಗಿರಬೇಕೆಂಬುದು ಸ್ವಾತಂತ್ರ್ಯವಾದದ ಮೊದಲ ಪಾಠವೆಂದು ನಾನು ತಿಳಿದಿದ್ದೆ.

ಸಣ್ಣವರಿಗೆ ದಾರಿ ಇಲ್ಲವೆಂದೂ ಹೇಳಲಾಗದು. ವಹಿವಾಟು 1.5 ಕೋಟಿಯವರೆಗೆ ಇರುವವರು ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿಯಲ್ಲಿ ವಹಿವಾಟಿನ ಶೇ. 1 ಕಟ್ಟಿ ನೆಮ್ಮದಿಯಾಗಿರಬಹುದು. ಇದನ್ನು ಅವರಿಗೆ ಮೊದಲೇ ತಿಳಿಸುವ ಕೆಲಸ ಸಾಲದಾಯಿತು ಎಂದರೆ ಒಪ್ಪುತ್ತೇನೆ. ನೋಟಿಸು ಹೋದ ಕ್ರಮದಲ್ಲಿ ಅವಸರವಿತ್ತು ಎಂದರೂ ಒಪ್ಪುತ್ತೇನೆ. ಅಷ್ಟಕ್ಕೇ ಮಾಹಿತಿ ಪಡೆಯುವ ಅಧಿಕಾರವೇ ಅತಿಕ್ರಮಣ ಎನ್ನುವುದು ಸರಿಯಲ್ಲ.

---

ಲೆಕ್ಕ ಬರೆಯುವವ, ಬೆಂಗಳೂರು

ಸರ್, ನೋಂದಾಯಿತ ವ್ಯಾಪಾರಿಯ ವಿಷಯದಲ್ಲಿ ನಿಮ್ಮ ಮಾತು ನ್ಯಾಯವಾದದ್ದು. ನನ್ನ ಲೆಕ್ಕದ ಪುಸ್ತಕಗಳಲ್ಲಿ ಅವನೂ ಇದ್ದಾನೆ, ಅವನ ಸಿಟ್ಟೂ ನನಗೆ ಗೊತ್ತು. ಆದರೆ ಜುಲೈನಲ್ಲಿ ಸಿಕ್ಕಿಬಿದ್ದವರು ಯಾರು ಎಂಬುದನ್ನು ಗಮನಿಸಿ. ಪೂರ್ತಿ ನಗದಿನಲ್ಲಿ ವ್ಯಾಪಾರ ಮಾಡಿ ಒಂದು ಕುರುಹನ್ನೂ ಉಳಿಸದವನಿಗೆ ನೋಟಿಸು ಹೋಗಲಿಲ್ಲ. ನಂಬಿ ತೆರೆದ ಖಾತೆಗೆ ಪ್ರತಿ ರೂಪಾಯಿಯನ್ನೂ ಬಹಿರಂಗವಾಗಿ ಪಡೆದವನಿಗೆ ಹೋಯಿತು. ಒಂದೇ ವಾರದಲ್ಲಿ ಅವನು ಕಲಿತ ಪಾಠ ಆ ಕ್ಯಾಲೆಂಡರ್ ಹಾಳೆಯ ಮೇಲಿತ್ತು.

ಇನ್ನೊಂದು ವಿಷಯ. ನೋಂದಣಿ ಇಲ್ಲದವನು ಸರಕನ್ನು ಕೊಳ್ಳುವಾಗ ವಿತರಕನಿಗೆ ತೆರಿಗೆ ಸೇರಿಸಿಯೇ ಹಣ ಕೊಟ್ಟಿರುತ್ತಾನೆ; ಹೂಡುವಳಿ ತೆರಿಗೆಯ ಜಮೆ, ಅಂದರೆ ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವ ಅವಕಾಶ, ಅವನಿಗೆ ಸಿಗುವುದಿಲ್ಲ. ಈಗ ಮಾರಾಟದ ಪೂರ್ಣ ಬೆಲೆಯ ಮೇಲೆ ಮತ್ತೆ ಕೇಳಿದರೆ, ನಡುವೆ ಅವನು ಗಳಿಸಿದ ಲಾಭಕ್ಕಿಂತ ತೆರಿಗೆಯೇ ಹೆಚ್ಚಾಗುತ್ತದೆ. ವಿವರಣೆ ಕೊಟ್ಟರೆ ಮುಗಿಯುತ್ತದೆ ಎನ್ನುತ್ತೀರಿ. ವಿವರಣೆ ಕೊಡಲು ಅಂಗಡಿ ಮುಚ್ಚಿ, ಹಳೆಯ ಬಿಲ್ಲುಗಳನ್ನು ಹುಡುಕಿ, ನನ್ನಂಥವನಿಗೆ ಹಣ ಕೊಟ್ಟು, ಕಚೇರಿಯ ಮೆಟ್ಟಿಲು ಹತ್ತುವುದೇ ಬೆಳಿಗ್ಗೆ ಐದಕ್ಕೆ ಹಾಲಿನ ಕ್ರೇಟು ಇಳಿಸುವವನಿಗೆ ದಂಡವಿದ್ದ ಹಾಗೆ.

---

ಬೇರೊಬ್ಬ ಸದಸ್ಯರು, ದೇವನಹಳ್ಳಿ ಕಡೆಯಿಂದ

ವ್ಯಕ್ತಿಸ್ವಾತಂತ್ರ್ಯವಾದ ಎಂದರೆ ಶ್ರೀಮಂತರ ಪರವಾದ ಮಾತು ಎಂದು ನಮ್ಮ ಕಡೆ ಅನೇಕರು ತಿಳಿದಿದ್ದಾರೆ. ನಾನೂ ಹಾಗೆಯೇ ತಿಳಿದಿದ್ದೆ. ಅದೇ ಜುಲೈ ತಿಂಗಳ 15ರಂದು ಚನ್ನರಾಯಪಟ್ಟಣ ಹೋಬಳಿಯ 13 ಗ್ರಾಮಗಳ 1,777 ಎಕರೆ ಜಮೀನನ್ನು ಸ್ವಾಧೀನಪಡಿಸಿಕೊಳ್ಳುವ ಪ್ರಸ್ತಾವವನ್ನು ಸರ್ಕಾರ ಕೈಬಿಟ್ಟಿತು. ಅದಕ್ಕೆ ಮುಂಚೆ ಅಲ್ಲಿನ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕುಳಿತಿದ್ದರು. ರಾಗಿ, ತರಕಾರಿ, ದ್ರಾಕ್ಷಿ ಬೆಳೆಯುವ ನೆಲವದು. ಏರೋಸ್ಪೇಸ್ ಉದ್ಯಮಗಳಿಗಾಗಿ ಬೇಕೆಂದು ಕೇಳಿದ್ದರು.

1966ರ ಕರ್ನಾಟಕ ಕೈಗಾರಿಕಾ ಪ್ರದೇಶಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸರ್ಕಾರವು ಒಂದು ಪ್ರದೇಶವನ್ನು ಕೈಗಾರಿಕಾ ಪ್ರದೇಶವೆಂದು ಅಧಿಸೂಚನೆಯಲ್ಲಿ ಸಾರಿ, ಅಲ್ಲಿನ ಜಮೀನನ್ನು ಸ್ವಾಧೀನಕ್ಕೆ ಗುರುತಿಸಬಹುದು. ಹೊಲದಲ್ಲಿ ಕಳೆ ಕೀಳುತ್ತಿರುವ ಹೆಂಗಸಿಗೆ ತನ್ನ ಜಮೀನು ತನ್ನದಲ್ಲವಾಗುತ್ತಿದೆ ಎಂಬುದು ಊರಿಗೆ ಕಾಗದ ಬಂದ ದಿನ ತಿಳಿಯುತ್ತದೆ. ಆ ಧರಣಿಯಲ್ಲಿ ರೈತ ಸಂಘಟನೆಗಳು, ದಲಿತ ಸಂಘಟನೆಗಳು, ಎಡಪಂಥೀಯ ಗೆಳೆಯರು ಎಲ್ಲರೂ ಇದ್ದರು. ಖಾಸಗಿ ಆಸ್ತಿ ಎಂಬ ಮಾತನ್ನು ವೇದಿಕೆಯ ಮೇಲೆ ಯಾರೂ ಬಳಸಲಿಲ್ಲ. ಆದರೆ ಅಲ್ಲಿ ನಡೆದದ್ದು, ನನ್ನ ಒಪ್ಪಿಗೆಯಿಲ್ಲದೆ ನನ್ನ ನೆಲವನ್ನು ನೀವು ಇನ್ನೊಬ್ಬ ಖಾಸಗಿಯವನಿಗೆ ಕೊಡಲಾಗದು ಎಂಬ ಹೋರಾಟವೇ. ಆಸ್ತಿಯ ಹಕ್ಕನ್ನು 1978ರ 44ನೆಯ ತಿದ್ದುಪಡಿ ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆದು 300ಎ ವಿಧಿಗೆ ಇಳಿಸಿದಾಗ, ಜಮೀನ್ದಾರರಿಗೆ ಪೆಟ್ಟು ಬಿತ್ತೆಂದು ಸಂತೋಷಪಟ್ಟವರಿದ್ದರು. ಎರಡು ಎಕರೆಯವನ ಕಾಪೂ ಅದರೊಡನೆ ಸಡಿಲವಾಯಿತು ಎಂಬುದು ನನ್ನ ತಿಳಿವಳಿಕೆ.

ಹಾಲಿನಂಗಡಿಯ ಲೆಕ್ಕಕ್ಕೂ ಈ ನೆಲಕ್ಕೂ ಸಂಬಂಧವಿದೆ. ಎರಡೂ ಕಡೆ ಕೇಳಬೇಕಾದವರನ್ನು ಕೊನೆಯಲ್ಲಿ ಕೇಳಿದರು, ಅದೂ ಅವರು ಬೀದಿಗೆ ಬಂದ ಮೇಲೆ.

---

ವಕೀಲರು, ಮೈಸೂರು

ಚರ್ಚೆಗೆ ಕಾನೂನಿನ ಬುನಾದಿ ಒದಗಿಸಲು ಪ್ರಯತ್ನಿಸುತ್ತೇನೆ. 151ನೆಯ ಕಲಮು ಇದೆ ಎಂದ ಮಾತ್ರಕ್ಕೆ ಮಾತು ಮುಗಿಯುವುದಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಆ ಅರ್ಜಿಯಿಂದಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಸರ್ಕಾರ ಆ ಹಕ್ಕಿನೊಳಗೆ ಕೈಹಾಕಬೇಕಾದರೆ ಕಾನೂನಿನ ಆಧಾರವಿರಬೇಕು, ನ್ಯಾಯಸಮ್ಮತ ಗುರಿಯಿರಬೇಕು, ಕೈಹಾಕುವ ಪ್ರಮಾಣ ಆ ಗುರಿಗೆ ತಕ್ಕಷ್ಟೇ ಇರಬೇಕು. ನಿವೃತ್ತ ಅಧಿಕಾರಿಗಳು ಹೇಳಿದ್ದು ಮೊದಲ ಎರಡನ್ನು. ತಗಾದೆ ಇರುವುದು ಮೂರನೆಯದರಲ್ಲಿ.

2018ರ ಸೆಪ್ಟೆಂಬರ್ 26ರಂದು ನಾಲ್ವರ ಬಹುಮತ ಆಧಾರ್ ಕಾಯ್ದೆಯನ್ನು ಎತ್ತಿಹಿಡಿಯಿತಾದರೂ, ಖಾಸಗಿ ಕಂಪನಿಗಳು ಆಧಾರ್ ಬಳಸಲು ದಾರಿಯಾಗಿದ್ದ 57ನೆಯ ಕಲಮಿಗೆ ಕತ್ತರಿ ಹಾಕಿತು. ಬ್ಯಾಂಕ್ ಖಾತೆ ಮತ್ತು ಮೊಬೈಲ್ ಸಿಮ್‌ಗೆ ಜೋಡಿಸುವುದು ಕಡ್ಡಾಯವಲ್ಲವೆಂದಿತು. ಮರುವರ್ಷವೇ, 2019ರಲ್ಲಿ, ತಿದ್ದುಪಡಿ ಕಾಯ್ದೆ ಬಂದು "ಸ್ವಇಚ್ಛೆ"ಯ ಹೆಸರಿನಲ್ಲಿ ಅದೇ ಬಾಗಿಲನ್ನು ಅರ್ಧ ತೆರೆಯಿತು. ಇನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಓದಿದರೆ, 17ನೆಯ ಕಲಮಿನಡಿ ಕೇಂದ್ರ ಸರ್ಕಾರವು ತನ್ನ ಸಂಸ್ಥೆಗಳಿಗೆ ಅಧಿಸೂಚನೆಯ ಮೂಲಕ ವಿನಾಯಿತಿ ಕೊಟ್ಟುಕೊಳ್ಳಬಹುದು. ಜನರ ದತ್ತಾಂಶವನ್ನು ಕಾಯಬೇಕಾದ ಕಾನೂನು ಅತಿ ಹೆಚ್ಚು ದತ್ತಾಂಶವಿರುವ ಕೈಯನ್ನೇ ಹೊರಗಿಡಲು ಅವಕಾಶ ಕೊಡುವುದು ನನ್ನನ್ನು ಕಾಡುವ ಸಂಗತಿ.

ರಾಜಕೀಯದಲ್ಲೂ ಇದೇ ಚಾಳಿ. ಗಲಭೆ ತಡೆಯಲೆಂದು ಇದ್ದ ದಂಡ ಪ್ರಕ್ರಿಯಾ ಸಂಹಿತೆಯ 144ನೆಯ ಕಲಮನ್ನು 2019ರ ಡಿಸೆಂಬರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧದ ಶಾಂತ ಪ್ರತಿಭಟನೆಗಳ ಮೇಲೆ ಬೆಂಗಳೂರಿನಲ್ಲಿ ಹೇರಲಾಯಿತು. ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಪುರಭವನದ ಬಳಿ ಪೊಲೀಸರು ಎಳೆದೊಯ್ದದ್ದನ್ನು ಟಿವಿಯಲ್ಲಿ ಎಲ್ಲರೂ ನೋಡಿದೆವು. 2020ರ ಫೆಬ್ರುವರಿ 13ರಂದು ನಮ್ಮ ಹೈಕೋರ್ಟು ಆ ಆದೇಶ ಕಾನೂನುಬಾಹಿರವಾಗಿತ್ತೆಂದು ಹೇಳಿತು. ಹೇಳುವ ಹೊತ್ತಿಗೆ ಎರಡು ತಿಂಗಳು ಕಳೆದಿದ್ದವು. ಅಂದು ನಿಲ್ಲಬೇಕಾದವರು ಅಂದು ನಿಲ್ಲಲಾಗಲಿಲ್ಲ.

---

ತಂತ್ರಾಂಶ ಕೆಲಸದವರು, ಹುಬ್ಬಳ್ಳಿ

ಒಂದು ಉದಾಹರಣೆ ಮಾತ್ರ ಸೇರಿಸುತ್ತೇನೆ. 2025ರ ನವೆಂಬರ್ ಕೊನೆಯಲ್ಲಿ ದೂರಸಂಪರ್ಕ ಇಲಾಖೆಯು ಹೊಸ ಫೋನುಗಳಲ್ಲೆಲ್ಲ ಸಂಚಾರ್ ಸಾಥಿ ಆ್ಯಪನ್ನು ಮೊದಲೇ ಹಾಕಿ ಕೊಡಬೇಕೆಂದು ತಯಾರಕರಿಗೆ ನಿರ್ದೇಶನ ಕೊಟ್ಟಿತು. ಉದ್ದೇಶ ಒಳ್ಳೆಯದೇ: ಕಳೆದ ಫೋನನ್ನು ಹುಡುಕುವುದು, ಸೈಬರ್ ವಂಚನೆ ತಡೆಯುವುದು. ನಾನು ಸ್ವತಃ ಆ ಸೇವೆಯನ್ನು ಬಳಸಿದ್ದೇನೆ, ಉಪಯುಕ್ತವಾಗಿದೆ. ಆದರೆ ನಾನಾಗಿ ಹಾಕಿಕೊಳ್ಳುವುದಕ್ಕೂ, ತೆಗೆಯಲಾಗದಂತೆ ಫೋನಿನ ಜೊತೆಗೇ ಬರುವುದಕ್ಕೂ ಬಹಳ ಅಂತರವಿದೆ. ವಿರೋಧ ಎದ್ದು ಡಿಸೆಂಬರ್ 3ರಂದು ಕಡ್ಡಾಯವನ್ನು ಹಿಂಪಡೆದರು. ಹೊಸ ಆದಾಯ ತೆರಿಗೆ ಕಾಯ್ದೆಯ 247ನೆಯ ಕಲಮನ್ನೂ ಓದಿ ನೋಡಿ. ಶೋಧನೆಯ ವೇಳೆ ಅಧಿಕಾರಿಯು ಪಾಸ್‌ವರ್ಡನ್ನು ಮೀರಿ ನಮ್ಮ ಇಮೇಲು, ಕ್ಲೌಡ್ ಖಾತೆಗಳನ್ನು ತೆರೆಯಬಹುದು. ಬೀರು ಒಡೆಯುವ ಹಳೆಯ ಅಧಿಕಾರದ ಮುಂದುವರಿಕೆ ಎನ್ನುತ್ತಾರೆ. ಬೀರುವಿನಲ್ಲಿ ಪತ್ರ, ಒಡವೆ ಇದ್ದವು. ಫೋನಿನಲ್ಲಿ ಹೆಂಡತಿಯ ಸ್ಕ್ಯಾನಿಂಗ್ ವರದಿಯಿಂದ ಹಿಡಿದು ಗೆಳೆಯನ ಬಳಿ ತೋಡಿಕೊಂಡ ಸಂಕಟದವರೆಗೆ ಎಲ್ಲವೂ ಇದೆ.

---

ಸ್ಟುಟ್‌ಗಾರ್ಟ್‌ನಿಂದ ಕನ್ನಡತಿ

ಇಲ್ಲಿ ಜರ್ಮನಿಯಲ್ಲಿ ಹನ್ನೊಂದು ವರ್ಷಗಳಿಂದ ಇದ್ದೇನೆ. ಬಂದ ಹೊಸತರಲ್ಲಿ ಜನರು ನಗದನ್ನು ಇಷ್ಟು ಪ್ರೀತಿಸುವುದನ್ನು ಕಂಡು ಆಶ್ಚರ್ಯಪಟ್ಟಿದ್ದೆ. ನೆರೆಯ ಅಜ್ಜಿಯೊಬ್ಬರು, ಪೂರ್ವ ಜರ್ಮನಿಯಲ್ಲಿ ಬೆಳೆದವರು, ಒಮ್ಮೆ ಹೇಳಿದರು: ನಾನೇನು ಕೊಂಡೆ ಎಂಬುದು ನನಗೂ ಅಂಗಡಿಯವಳಿಗೂ ತಿಳಿದರೆ ಸಾಕು ಎಂದು. ಅದು ಹಟವೆಂದು ಆಗ ಅನಿಸಿತ್ತು. ಅವರ ಬಾಲ್ಯದ ಕಥೆ ಕೇಳಿದ ಮೇಲೆ ಅನಿಸಲಿಲ್ಲ.

1983ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಜನಗಣತಿ ನಡೆಸಲು ಹೊರಟಾಗ, ಗಣತಿಗೆ ಕೊಟ್ಟ ವಿವರವನ್ನು ಆಡಳಿತವು ಬೇರೆ ಕೆಲಸಕ್ಕೂ ಬಳಸಬಹುದೆಂಬ ಅಂಶವನ್ನು ಜನರು ಪ್ರಶ್ನಿಸಿದರು. ಡಿಸೆಂಬರ್ 15ರಂದು ಕಾರ್ಲ್ಸ್‌ರೂಹೆಯ ಸಂವಿಧಾನ ನ್ಯಾಯಾಲಯವು, ತನ್ನ ಮಾಹಿತಿ ಯಾರ ಬಳಿ ಹೋಗಬೇಕು, ಯಾವುದಕ್ಕೆ ಬಳಕೆಯಾಗಬೇಕು ಎಂಬುದನ್ನು ನಿರ್ಧರಿಸುವ ಹಕ್ಕು ವ್ಯಕ್ತಿಯದೇ ಎಂದು ತೀರ್ಪಿತ್ತಿತು. ಲೆಕ್ಕ ಬರೆಯುವವರು ಕೇಳುತ್ತಿರುವುದು ಬಹುಮಟ್ಟಿಗೆ ಇದನ್ನೇ.

ಹಾಗೆಂದು ಇಲ್ಲಿ ತೆರಿಗೆ ಕಚೇರಿ ಕಣ್ಣು ಮುಚ್ಚಿ ಕುಳಿತಿದೆ ಎಂದು ಭಾವಿಸಬೇಡಿ. ಯಾರ ಹೆಸರಿನಲ್ಲಿ ಯಾವ ಬ್ಯಾಂಕಿನಲ್ಲಿ ಖಾತೆಯಿದೆ ಎಂಬುದನ್ನು ಅದು ಕೇಳಿ ತಿಳಿಯಬಹುದು. ಆ ಹಂತದಲ್ಲಿ ಹಣದ ಮೊತ್ತವಾಗಲಿ ವಹಿವಾಟಾಗಲಿ ಕಾಣುವುದಿಲ್ಲ. 2020ರ ಜನವರಿಯಿಂದ ಎಲೆಕ್ಟ್ರಾನಿಕ್ ಬಿಲ್ಲಿಂಗ್ ಯಂತ್ರ ಬಳಸುವ ಅಂಗಡಿಗಳು ಪ್ರತಿ ಮಾರಾಟಕ್ಕೂ ರಸೀದಿ ಕೊಡುವುದು ಕಡ್ಡಾಯವಾಗಿದೆ. ಬೇಕರಿಯಲ್ಲಿ ಒಂದು ಬನ್ನು ಕೊಂಡರೂ ಬೆರಳುದ್ದದ ಚೀಟಿ ಹೊರಬರುತ್ತದೆ, ಯಾರಿಗೂ ಬೇಡದ ಆ ಚೀಟಿಗಳು ಕೌಂಟರಿನ ಬುಟ್ಟಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ರಾಶಿಯಾಗಿರುತ್ತವೆ. ವ್ಯಾಪಾರಿಗಳು ಗೊಣಗುತ್ತಾರೆ. ಆದರೆ ನಿಯಮ ಏನೆಂದು ಅವರಿಗೆ ಮುಂಚೆಯೇ ತಿಳಿದಿತ್ತು, ಹಿಂದಿನ ನಾಲ್ಕು ವರ್ಷಗಳನ್ನು ಅಗೆದು ತೆಗೆಯಲಿಲ್ಲ. ನನಗೆ ಕಂಡ ಮುಖ್ಯ ವ್ಯತ್ಯಾಸ ಅದು.

---

ಶಿಕ್ಷಕರು, ಕೋಲಾರ

ಇಷ್ಟು ಹೊತ್ತು ಓದಿದೆ. ಎಲ್ಲರೂ ಸರ್ಕಾರದ ಕೈಗೆ ಹೆದರುತ್ತಿದ್ದೀರಿ. ಊರಿನ ಕೈ ಇನ್ನೂ ಉದ್ದವಾಗಿದ್ದ ಕಾಲವನ್ನು ನಮ್ಮ ಮನೆಯವರು ಕಂಡಿದ್ದಾರೆ, ಅದನ್ನು ಇಲ್ಲಿ ಹೇಳಲೇಬೇಕು.

ನಮ್ಮೂರ ಹೋಟೆಲಿನಲ್ಲಿ ನನ್ನ ಅಜ್ಜನಿಗೆ ಚಹಾ ಕೊಡುತ್ತಿದ್ದದ್ದು ಹೊರಗಿನ ಕಿಟಕಿಯ ಕಟ್ಟೆಯ ಮೇಲಿಟ್ಟ ಬೇರೆ ಲೋಟದಲ್ಲಿ. ಕುಡಿದ ಮೇಲೆ ಅವರೇ ತೊಳೆದಿಡಬೇಕು. ದುಡ್ಡನ್ನು ಕಟ್ಟೆಯ ಮೇಲಿಟ್ಟು ಸರಿಯಬೇಕು, ಚಿಲ್ಲರೆಯನ್ನು ಮೇಲಿನಿಂದ ಅಂಗೈಗೆ ಬೀಳಿಸುತ್ತಿದ್ದರು. ಹೋಟೆಲು ಖಾಸಗಿಯದು, ಲೋಟ ಖಾಸಗಿಯದು, ಒಪ್ಪಂದವೂ ನಿಮ್ಮ ಸಿದ್ಧಾಂತದ ಪ್ರಕಾರ ಸ್ವಇಚ್ಛೆಯದೇ. ಇಷ್ಟವಿಲ್ಲದಿದ್ದರೆ ಅಜ್ಜ ಚಹಾ ಕುಡಿಯದಿರಬಹುದಿತ್ತು. ತಾರತಮ್ಯವನ್ನೂ ಅಸ್ಪೃಶ್ಯತೆಯನ್ನೂ ನಿಷೇಧಿಸುವ ಸಂವಿಧಾನದ 15 ಮತ್ತು 17ನೆಯ ವಿಧಿಗಳು, ಅಸ್ಪೃಶ್ಯತೆಯ ಆಚರಣೆಗೆ ಶಿಕ್ಷೆ ವಿಧಿಸಿದ 1955ರ ಕಾಯ್ದೆ, 1989ರ ದೌರ್ಜನ್ಯ ತಡೆ ಕಾಯ್ದೆ ಇವೆಲ್ಲ ಖಾಸಗಿ ಅಂಗಡಿಯೊಳಗೆ ಸರ್ಕಾರ ಕಾಲಿಟ್ಟ ಸಂದರ್ಭಗಳು. ಕಾಲಿಟ್ಟದ್ದರಿಂದಲೇ ನಾನು ಇಂದು ಒಳಗೆ ಕುಳಿತು ದೋಸೆ ತಿನ್ನುತ್ತೇನೆ. ಅಜ್ಜನಿಗೆ ಮಂಜೂರಾಗಿದ್ದ ಎರಡು ಎಕರೆ, ಸಾಲಕ್ಕಾಗಿ ಕೈತಪ್ಪಿ ಹೋದದ್ದು, ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನುಗಳ ಪರಭಾರೆ ನಿಷೇಧಿಸಿದ 1978ರ ರಾಜ್ಯದ ಕಾಯ್ದೆಯಿಂದ ಮರಳಿ ಬಂತು. ಕೊಂಡವನ ದೃಷ್ಟಿಯಲ್ಲಿ ಅದೂ ಅತಿಕ್ರಮಣವೇ.

ಸರ್ಕಾರದ ಹಿಡಿತದಿಂದ ಬಿಡುಗಡೆ ಎನ್ನುವುದು ಖಾಸಗಿ ಮಾಲೀಕನ ಸರ್ವಾಧಿಕಾರಕ್ಕೆ ಇನ್ನೊಂದು ಹೆಸರು ಎಂಬ ಅರ್ಥದಲ್ಲಿ ಬಾಬಾಸಾಹೇಬರು 1947ರಲ್ಲಿ ಸಂವಿಧಾನ ಸಭೆಗಾಗಿ ಸಿದ್ಧಪಡಿಸಿದ ಮನವಿಯಲ್ಲಿ ಬರೆದಿದ್ದಾರೆ. ಅದಕ್ಕೆ ನಿಮ್ಮ ಉತ್ತರವೇನು? ಒಂದು ಮಾತು ಇನ್ನೂ ಹೇಳುತ್ತೇನೆ. ಕ್ಯೂಆರ್ ಕೋಡ್ ಬಂದ ಮೇಲೆ ನಮ್ಮೂರಲ್ಲಿ ಚಿಲ್ಲರೆಯನ್ನು ಮೇಲಿನಿಂದ ಬೀಳಿಸುವ ಪ್ರಸಂಗವೇ ಇಲ್ಲವಾಯಿತು. ಆ ಸ್ಟಿಕ್ಕರನ್ನು ಕಾಗದದಿಂದ ಮುಚ್ಚಿದಾಗ ಯಾರು ಯಾವುದಕ್ಕೆ ಹಿಂದಿರುಗಬೇಕಾಗುತ್ತದೆ ಎಂದೂ ಯೋಚಿಸಿ.

---

ಲೆಕ್ಕ ಬರೆಯುವವ, ಬೆಂಗಳೂರು

ಮೇಷ್ಟ್ರೇ, ನಿಮ್ಮ ಬರಹಕ್ಕೆ ಎರಡು ದಿನ ಉತ್ತರಿಸಲಿಲ್ಲ, ಏಕೆಂದರೆ ನನ್ನ ಬಳಿ ಸಿದ್ಧ ಉತ್ತರವಿರಲಿಲ್ಲ. ಬೇರೆ ಲೋಟದ ಒಪ್ಪಂದವನ್ನು ಸ್ವಇಚ್ಛೆಯದೆಂದು ನಾನು ಎಂದಿಗೂ ಕರೆಯಲಾರೆ. ಊರೆಲ್ಲ ಒಂದಾಗಿ ಬಾಗಿಲು ಮುಚ್ಚಿದಾಗ, ಹೊಡೆತ ಬಹಿಷ್ಕಾರಗಳ ಭಯ ಹಿಂದೆ ನಿಂತಿರುವಾಗ, ಕುಡಿಯದಿರುವ ಆಯ್ಕೆ ಆಯ್ಕೆಯೇ ಅಲ್ಲ. ನಮ್ಮ ಪಂಥದ ಅನೇಕರು ಈ ಜಾಗದಲ್ಲಿ ಮೌನವಾಗುತ್ತಾರೆ, ಅದು ತಪ್ಪು. ದಬ್ಬಾಳಿಕೆ ಸರ್ಕಾರದಿಂದಲೇ ಬರಬೇಕೆಂದಿಲ್ಲ, ಓಣಿಯಿಂದಲೂ ಬರುತ್ತದೆ. 17ನೆಯ ವಿಧಿಯನ್ನು ನಾನು ವ್ಯಕ್ತಿಸ್ವಾತಂತ್ರ್ಯದ ದೊಡ್ಡ ಕಾನೂನೆಂದೇ ಓದುತ್ತೇನೆ. 1978ರ ಕಾಯ್ದೆಯ ಬಗ್ಗೆ ನನಗೆ ಮೊದಲಿದ್ದ ಆಕ್ಷೇಪ ನಿಮ್ಮ ಅಜ್ಜನ ಎರಡು ಎಕರೆಯ ಮುಂದೆ ನಿಲ್ಲಲಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ.

ಆದರೆ ದೇವನಹಳ್ಳಿಯ ಕಡೆಯವರು ಬರೆದದ್ದನ್ನು ನಿಮ್ಮ ಮಾತಿನ ಪಕ್ಕದಲ್ಲಿಟ್ಟು ನೋಡಿ. ಎರಡು ಎಕರೆಯನ್ನು ಮರಳಿಸಿದ ಸರ್ಕಾರಕ್ಕೇ ಇನ್ನೊಂದು ಕಾಯ್ದೆಯಡಿ ಎರಡು ಎಕರೆಯನ್ನು ಕಸಿದುಕೊಳ್ಳುವ ಅಧಿಕಾರವೂ ಇದೆ. ಮರಳಿಸಿದ ಕಾನೂನು ಯಾರನ್ನು ಕಾಯಬೇಕು, ಯಾವ ಜಮೀನನ್ನು, ಯಾವ ವಿಚಾರಣೆಯ ನಂತರ ಎಂದು ಬರೆದಿಟ್ಟುಕೊಂಡಿತ್ತು. ಕಸಿಯುವ ಕಾನೂನು ಒಂದು ಅಧಿಸೂಚನೆಯಲ್ಲಿ ಹದಿಮೂರು ಊರುಗಳನ್ನು ಗುರುತಿಸಿತು. ನಾನು ಕೇಳುವುದು ಮೊದಲನೆಯ ಬಗೆಯ ಕಾನೂನನ್ನು. ಅಧಿಕಾರ ಕೊಡುವಾಗಲೇ ಅದಕ್ಕೆ ಬೇಲಿ ಹಾಕಿರಬೇಕು. ಪಾವತಿಯ ವಿವರವನ್ನು ತೆರಿಗೆಗೆ ಬಳಸುವುದಾದರೆ ಬಳಸುತ್ತೇವೆಂದು ಮುಂಚೆಯೇ ಸಾರಿ ಹೇಳಲಿ, ಹೇಳಿದ ದಿನದಿಂದ ಮುಂದಕ್ಕೆ ಬಳಸಲಿ, ತೆರಿಗೆಯಿಲ್ಲದ ಸರಕನ್ನು ಕಳೆದು ಲೆಕ್ಕ ಹಾಕಲಿ. ಜಮೆಯೆಲ್ಲ ವ್ಯಾಪಾರವೇ ಎಂದು ಸಾಧಿಸುವ ಹೊರೆಯನ್ನು ಇಲಾಖೆಯೇ ಹೊರಲಿ. ದಾವಣಗೆರೆಯ ಹಿರಿಯರು ಹೇಳುವ ನೋಂದಾಯಿತ ವ್ಯಾಪಾರಿಗೂ ಇದರಿಂದ ಅನ್ಯಾಯವಾಗುವುದಿಲ್ಲ.

ಚಿಲ್ಲರೆಯನ್ನು ಮೇಲಿನಿಂದ ಬೀಳಿಸುವ ಮಾತು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಜನರು ನಂಬಿ ಬಳಸಿದರೆ ಮಾತ್ರ ಆ ಕೋಡು ಅಂಗಡಿಯ ಕಟ್ಟೆಯ ಮೇಲೆ ಉಳಿಯುತ್ತದೆ. ನಿಮ್ಮೂರಿನಲ್ಲಿ ಅದು ಮಾಡಿದ ಒಳ್ಳೆಯದನ್ನು ಉಳಿಸಿಕೊಳ್ಳಬೇಕಾದರೂ ಅದನ್ನು ಜನರ ಮೇಲೆ ಕಣ್ಣಿಡುವ ಸಾಧನವಾಗಲು ಬಿಡಬಾರದು ಎಂದೇ ನನ್ನ ವಾದ.

---

ಬೇಕರಿಯವರ ಮಗಳು, ಹಾಸನ

ಸರ್, ನನ್ನದೊಂದು ಸಣ್ಣ ಪ್ರಶ್ನೆ. ನಮ್ಮ ತಂದೆಯವರು ಒಂದೇ ನಂಬರಿನಲ್ಲಿ ಬೇಕರಿಯ ಹಣವನ್ನೂ ಚೀಟಿಯ ಹಣವನ್ನೂ ಪಡೆಯುತ್ತಾರೆ. ನೋಟಿಸು ಬಂದಿಲ್ಲ, ಆದರೂ ರಾತ್ರಿ ನಿದ್ದೆ ಮಾಡುತ್ತಿಲ್ಲ. ಏನು ಮಾಡಬೇಕು?

---

ಲೆಕ್ಕ ಬರೆಯುವವ, ಬೆಂಗಳೂರು

ತಾಯಿ, ಮೊದಲು ಅಂಗಡಿಗೆಂದೇ ಬೇರೆ ಚಾಲ್ತಿ ಖಾತೆ ತೆರೆಯಿಸಿ, ಅದರ ಕ್ಯೂಆರ್ ಕೋಡನ್ನು ಮಾತ್ರ ಕಟ್ಟೆಯ ಮೇಲಿಡಿ. ಚೀಟಿ, ಕೈಸಾಲ, ಮನೆಯ ಖರ್ಚು ಹಳೆಯ ನಂಬರಿನಲ್ಲೇ ಇರಲಿ. ಮೈದಾ, ಸಕ್ಕರೆ, ಡಾಲ್ಡಾ ಕೊಂಡ ಬಿಲ್ಲುಗಳನ್ನು ತಿಂಗಳವಾರು ಕಟ್ಟಿಡಿ. ಹಾಲು ಮಾರುತ್ತಿದ್ದರೆ ಅದರ ಲೆಕ್ಕವನ್ನು ಬೇರೆ ಪುಸ್ತಕದಲ್ಲಿ ಬರೆಯಿರಿ. ವರ್ಷದ ಒಟ್ಟು ಮಾರಾಟ 40 ಲಕ್ಷದ ಹತ್ತಿರ ಬರುತ್ತಿದ್ದರೆ ರಾಜಿ ತೆರಿಗೆಗೆ ನೋಂದಣಿ ಮಾಡಿಸಿ; ತೆರಿಗೆಯನ್ನು ಮೂರು ತಿಂಗಳಿಗೊಮ್ಮೆ ಕಟ್ಟುವುದು, ರಿಟರ್ನ್ ವರ್ಷಕ್ಕೊಂದೇ. ಗಿರಾಕಿಯಿಂದ ತೆರಿಗೆಯನ್ನು ಪ್ರತ್ಯೇಕವಾಗಿ ಪಡೆಯುವಂತಿಲ್ಲ ಎಂಬುದನ್ನು ನೆನಪಿಡಿ. ನಿಮ್ಮ ತಂದೆಯವರಿಗೆ ಹೇಳಿ, ಇದರಲ್ಲಿ ಹೆದರುವಂಥದ್ದಿಲ್ಲ, ಬರೆದಿಡುವುದಷ್ಟೇ ಇದೆ.

ನಾನು ಮೊದಲು ಹೇಳಿದ ಕಾಂಡಿಮೆಂಟ್ಸ್ ಅಂಗಡಿಯವರೂ ಇದನ್ನೇ ಮಾಡಿದ್ದಾರೆ. ರಾಜಿ ತೆರಿಗೆದಾರರೆಂಬ ಬೋರ್ಡು ಬಾಗಿಲ ಪಕ್ಕದಲ್ಲಿ ಬಂದಿದೆ. ಕ್ಯಾಲೆಂಡರ್ ಹಾಳೆಯನ್ನು ಕಿತ್ತಿದ್ದಾರೆ. ಗೋಂದು ಗಟ್ಟಿಯಾಗಿ ಹಿಡಿದ ಮೂಲೆಯಲ್ಲಿ ಕಾಗದದ ಚೂರು ಇನ್ನೂ ಉಳಿದಿದೆ, ಫೋನನ್ನು ಸ್ವಲ್ಪ ಓರೆಯಾಗಿ ಹಿಡಿದರೆ ಮಾತ್ರ ಸ್ಕ್ಯಾನ್ ಆಗುತ್ತದೆ. ನೂರು ರೂಪಾಯಿ ದಾಟಿದರೆ ಅವರು ಈಗಲೂ, ತುಸು ಸಂಕೋಚದಿಂದ, "ಕ್ಯಾಶ್ ಇದ್ರೆ ಕೊಡಿ ಸರ್" ಎನ್ನುತ್ತಾರೆ. ನಾನು ಕೊಡುತ್ತೇನೆ.